ಬಾಳಿಕಿ ಬರೂ ಲ್ಯಾಪ್‌ಟಾಪ್ ಯಾವದ್ರಿ, ಅಕ್ಕೋರ?

ಚಿಕ್ಕೋಡಿಯಂಥ ಊರಿನಲ್ಲಿ ಕಂಪ್ಯೂಟರ್ ಕಲಿಸುವ ಅಕ್ಕೋರು, ಅಂದರೆ ಟೀಚರು, ಎಂದು ಒಮ್ಮೆ ಹೆಸರಾಯಿತೋ, ಮುಗಿಯಿತು. ಆಮೇಲೆ ಸಂತೆಯಲ್ಲಿ ನಿಂತು ಸಮಾಧಾನದಿಂದ ಬದನೆಕಾಯಿ ಆರಿಸಲಿಕ್ಕೂ ಜನ ಬಿಡುವುದಿಲ್ಲ. ಒಂದು ಕಾಯಿ ಕೈಗೆತ್ತಿಕೊಂಡು ಹುಳುಕು ಇದೆಯೇ ಎಂದು ನೋಡುತ್ತಿರುವಾಗಲೇ ಹಿಂದಿನಿಂದ ಯಾರಾದರೂ ಬಂದು, "ಅಕ್ಕೋರ, ಒಂದು ಚಲೋ ಲ್ಯಾಪ್‌ಟಾಪ್ ಹೇಳ್ರಿ. ಭಾಳ ತುಟ್ಟಿ ಬ್ಯಾಡ, ಅಗ್ಗದ್ದೂ ಬ್ಯಾಡ. ಬಾಳಿಕಿ ಬರಬೇಕು ನೋಡ್ರಿ," ಅನ್ನುತ್ತಾರೆ. ಬಾಳಿಕೆ ಬರುವುದು ಯಾವುದು ಅಂತ ನನಗೇನು ಕನಸು ಬೀಳುತ್ತದೆಯೇ? ಆದರೂ ಕೇಳಿದವರಿಗೆ ಇಲ್ಲ ಎನ್ನಲಾಗದೆ ಹತ್ತು-ಹದಿನೈದು ವರ್ಷ ನಿಪ್ಪಾಣಿ, ಮಿರಜ, ಬೆಳಗಾವಿ ಅಂತ ಅವರಿವರ ಜೊತೆ ಅಂಗಡಿ ಅಲೆದಿದ್ದೇನೆ. ಎಷ್ಟು ಲ್ಯಾಪ್‌ಟಾಪ್ ಬಾಳಿಕೆ ಬಂದವೋ ಲೆಕ್ಕವಿಟ್ಟಿಲ್ಲ. ಪ್ರಸಂಗಗಳು ಮಾತ್ರ ಇನ್ನೂ ಗಟ್ಟಿಮುಟ್ಟಾಗಿವೆ.

ತೊಡೆಯ ಮೇಲಿನ ಕೂಸು

ಮೊದಲನೆಯದು ನಮ್ಮ ಕಾಲೇಜಿನ ಫಿಜಿಕ್ಸ್ ಸರ್ ಅವರದು. ಎರಡು ಸಾವಿರದ ಆರನೇ ಇಸವಿಯ ಆಸುಪಾಸು. ಆಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರ ಹತ್ತಿರವೂ ಲ್ಯಾಪ್‌ಟಾಪ್ ಇರಲಿಲ್ಲ. ಮೊದಲು ತಾನೇ ಕೊಳ್ಳಬೇಕೆಂದು ಸರ್ ನಿಶ್ಚಯಿಸಿ ನನ್ನನ್ನೂ ಇನ್ನೊಬ್ಬ ಅಕ್ಕೋರನ್ನೂ ಬೆಳಗಾವಿಗೆ ಕರೆದುಕೊಂಡು ಹೋದರು. ಸಣ್ಣದು ತೆಗೆದುಕೊಳ್ಳಿ, ಹೊತ್ತುಕೊಂಡು ಓಡಾಡಲಿಕ್ಕೆ ಅನುಕೂಲ ಎಂದು ನಾನು ಹೇಳಿದೆ. ಕೊಡುವ ರೊಕ್ಕಕ್ಕೆ ಕಣ್ಣು ತುಂಬ ಕಾಣಬೇಕು ಎಂದು ಅವರು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದರು. ಹದಿನೇಳು ಇಂಚಿನ ಪರದೆ. ಅದರ ಡಬ್ಬಿಯೋ, ಹಳೆಯ ಕಾಲದ ಟ್ರಂಕಿನಷ್ಟಿತ್ತು.

ಬಸ್ ಹತ್ತಿದೆವು. ಕಂಡಕ್ಟರ್ ಡಬ್ಬಿಯನ್ನು ನೋಡಿದವನೇ ಲಗೇಜು ಟಿಕೆಟ್ ಹರಿಯಲು ಹೋದ. ಸರ್ ಒಪ್ಪಲಿಲ್ಲ. ಇದು ಲಗೇಜಲ್ಲ, ಲ್ಯಾಪ್‌ಟಾಪು. ಲ್ಯಾಪು ಅಂದರೆ ತೊಡೆ, ತೊಡೆಯ ಮೇಲೆ ಇಟ್ಟುಕೊಳ್ಳುವ ವಸ್ತು ಲಗೇಜು ಹೇಗಾಗುತ್ತದೆ ಎಂದು ತರಗತಿಯಲ್ಲಿ ವಿವರಿಸುವ ಹಾಗೆ ವಿವರಿಸಿದರು. ಕಂಡಕ್ಟರ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ತಣ್ಣಗೆ ಹೇಳಿದ: "ಹೌದ್ರಿ ಸರ, ತೊಡಿ ಮ್ಯಾಲ ಕುಂತ ಕೂಸಿಗೆ ಟಿಕೀಟಿಲ್ಲ. ಆದ್ರ ಕೂಸು ಕೆಳಗ ಇಳೀತಂದ್ರ ಟಿಕೀಟು ಹರೀತೀನಿ."

ಸರ್ ಆ ಸವಾಲನ್ನು ಒಪ್ಪಿಕೊಂಡರು. ಊರು ಬರುವ ಪ್ರತಿಯೊಂದು ಸಲವೂ ಕಂಡಕ್ಟರ್ ಮುಂದಿನ ಬಾಗಿಲಿನಿಂದ ಕತ್ತು ಚಾಚಿ ಕೂಸು ಎಲ್ಲಿದೆ ಎಂದು ನೋಡುತ್ತಿದ್ದ. ಕೂಸು ತೊಡೆಯ ಮೇಲೇ ಇರುತ್ತಿತ್ತು. ಸಂಕೇಶ್ವರದಲ್ಲಿ ಬಸ್ ಹತ್ತು ನಿಮಿಷ ನಿಂತಾಗ ಎಲ್ಲರೂ ಚಹಾ ಕುಡಿಯಲು ಇಳಿದರು; ಸರ್ ಮಾತ್ರ ಇಳಿಯಲಿಲ್ಲ. ನಾನು ಕಿಟಕಿಯಿಂದ ಕಪ್ಪು ಕೊಟ್ಟೆ. ಡಬ್ಬಿಯ ಮೇಲೇ ಕಪ್ಪಿಟ್ಟುಕೊಂಡು, ನೋಡಿದಿರಾ, ದೊಡ್ಡದು ಕೊಂಡಿದ್ದಕ್ಕೆ ಟೇಬಲ್ಲೂ ಆಯಿತು ಎಂದು ಕುಡಿದರು.

ಚಿಕ್ಕೋಡಿ ಬಂತು. ಎಲ್ಲರೂ ಇಳಿದರೂ ಸರ್ ಏಳಲಿಲ್ಲ. ಏಳಲು ನೋಡುತ್ತಾರೆ, ಆಗುವುದಿಲ್ಲ. ಎರಡೂ ಕಾಲು ಜೋಮು ಹಿಡಿದು ಮರದ ಕೊರಡಿನಂತಾಗಿದ್ದವು. ಕೊನೆಗೆ ಕಂಡಕ್ಟರೇ ಬಂದು ಡಬ್ಬಿಯನ್ನು ಎತ್ತಿಕೊಂಡ. "ಕೊಡ್ರಿ ಸರ, ಕೂಸಿನ್ನ ನಾ ಇಳಸ್ತೀನಿ," ಅಂದ. "ನಿಮ್ಮ ಕಾಲು ಎಲ್ಲಿ ಅದಾವ ನೀವು ಹುಡುಕ್ಕೋರಿ."

ಟವೆಲ್ ಒಳಗಿನ ಮಾತು

ಅಂಕಲಿಯಿಂದ ಒಬ್ಬ ಕಾಕಾ ಬಂದರು. ಕೃಷ್ಣೆಯ ದಂಡೆಯಲ್ಲಿ ಕಬ್ಬು ಬೆಳೆಯುವ ಜೈನ ಮನೆತನದವರು. ಬಿಳಿ ಟೊಪ್ಪಿಗೆ, ಹೆಗಲ ಮೇಲೊಂದು ಟವೆಲ್. ಮನೆಗೆ ಹೊಸದಾಗಿ ಬಂದ ಸೊಸೆ ಮುಂದೆ ಓದುತ್ತೇನೆ ಅಂದಿದ್ದಾಳೆ, ಮನೆಯಲ್ಲಿ ಎಲ್ಲರೂ ಬೇಡ ಅಂದರೂ ತಾನು ಹೂಂ ಅಂದಿದ್ದೇನೆ, ಈಗ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸದೆ ಹೋದರೆ ಮಾವನಾಗಿ ಮುಖ ಉಳಿಯುವುದಿಲ್ಲ ಎಂದರು. ಆ ಮಾತಿಗೇ ನಾನು ಸೋತು ನಿಪ್ಪಾಣಿಗೆ ಹೊರಟೆ.

ಅಂಗಡಿಯ ಸೇಲ್ಸ್‌ಮನ್ ಎರಡು ಲ್ಯಾಪ್‌ಟಾಪ್ ತಂದಿಟ್ಟ. ಒಂದು ತೆಳ್ಳಗೆ, ಹಪ್ಪಳದ ಹಾಗಿದೆ. ಇನ್ನೊಂದು ದಪ್ಪ. ಕಾಕಾ ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡು ತಕ್ಕಡಿಯ ಹಾಗೆ ಮೇಲೆ ಕೆಳಗೆ ಮಾಡಿ ನೋಡಿ ದರ ಕೇಳಿದರು. ತೆಳ್ಳಗಿನದಕ್ಕೆ ದಪ್ಪಗಿನದಕ್ಕಿಂತ ಹತ್ತಿರಹತ್ತಿರ ದುಪ್ಪಟ್ಟು ದರ. ಚೀಟಿ ಅದಲುಬದಲಾಗಿರಬೇಕು ಎಂದು ಕಾಕಾ ತಾವೇ ಚೀಟಿ ಕಿತ್ತು ಬದಲಿಸಲು ಹೋದರು. ಸೇಲ್ಸ್‌ಮನ್ ತಡೆದು, ಹಾಗಲ್ಲ, ತೂಕ ಕಡಿಮೆ ಇದ್ದಷ್ಟೂ ದರ ಜಾಸ್ತಿ ಎಂದು ತಿಳಿಸಿಕೊಟ್ಟ.

ಕಾಕಾ ಎರಡನ್ನೂ ಮೇಜಿನ ಮೇಲೆ ಇಟ್ಟರು. "ತೂಕ ಕಡಿಮಿ ಬಂದ್ರ ರೇಟ ಜಾಸ್ತಿ," ಎಂದು ತಮಗೆ ತಾವೇ ಹೇಳಿಕೊಂಡರು. "ಈ ಕಾಯ್ದೆ ನಮ್ಮ ಕಬ್ಬು ಕಡಿಮಿ ತೂಗೂ ಫ್ಯಾಕ್ಟರಿಯವ್ರಿಗೆ ಯಾರೂ ಹೇಳೇ ಇಲ್ಲಲ್ರಿ ಅಕ್ಕೋರ."

ದಪ್ಪಗಿನದೇ ಇರಲಿ ಎಂದು ತೀರ್ಮಾನವಾಯಿತು. ಈಗ ಚೌಕಾಶಿ. ಗೋಡೆಯ ಮೇಲೆ 'ಒಂದೇ ದರ' ಎಂಬ ಬೋರ್ಡಿತ್ತು. ಕಾಕಾ ಅದರ ಕಡೆಗೆ ನೋಡಲೇ ಇಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಹೊದಿಸಿಕೊಂಡು ಸೇಲ್ಸ್‌ಮನ್ ಮುಂದೆ ಚಾಚಿದರು. ದನದ ಸಂತೆಯಲ್ಲಿ ಎತ್ತಿನ ವ್ಯಾಪಾರ ಹೀಗೆಯೇ ನಡೆಯುವುದು. ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರೆ, ನೋಡುವವರಿಗೆ ಏನೂ ತಿಳಿಯುವುದಿಲ್ಲ. ಟೈ ಕಟ್ಟಿದ ಆ ಸೇಲ್ಸ್‌ಮನ್ ಪಾಪ, ಕೈಗೆ ಏನೋ ಪೆಟ್ಟಾಗಿದೆ ಎಂದುಕೊಂಡು ನೀರು ತರಲೇ ಎಂದು ಕೇಳಿದ.

ಅಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ವಯಸ್ಸಾದ ಮಾಲಕರು ಎದ್ದು ಬಂದರು. ಅವರ ತಂದೆ ಎತ್ತಿನ ದಲ್ಲಾಳಿಯಾಗಿದ್ದರಂತೆ. ಟವೆಲ್ ಕಂಡದ್ದೇ ಅವರ ಮುಖ ಅರಳಿತು. ಒಂದು ಮಾತೂ ಆಡದೆ ತಮ್ಮ ಕೈಯನ್ನು ಒಳಗೆ ತೂರಿಸಿಯೇಬಿಟ್ಟರು. ಇಬ್ಬರೂ ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತ ನಿಂತರು. ಟವೆಲ್ ಅಲುಗಿತು. ಮಾಲಕರು ತಲೆಯಾಡಿಸಿದರು. ಮತ್ತೆ ಅಲುಗಿತು. ಕಾಕಾ ನಕ್ಕರು. ಎರಡು ನಿಮಿಷದಲ್ಲಿ ವ್ಯಾಪಾರ ಮುಗಿದು ಚಹಾ ಬಂತು.

ದಾರಿಯಲ್ಲಿ ಎಷ್ಟಕ್ಕೆ ಮುಗಿಯಿತು ಎಂದು ಕೇಳಿದೆ. ಕಾಕಾ ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. "ಟವೆಲ್ ಒಳಗಿನ ಮಾತು ಹೊರಗ ಹೇಳಬಾರದ್ರಿ ಅಕ್ಕೋರ," ಅಂದರು. "ಎತ್ತಿಗೆ ಗೊತ್ತಾದ್ರ ಬ್ಯಾಸರ ಮಾಡ್ಕೊತೈತಿ."

ಖರೇ ಮಾತಿನ ಅಂಗಡಿ

ನಡುವೆ ಎರಡು ವರ್ಷ ನಾನು ಕಾಗವಾಡದ ಶಾಲೆಯಲ್ಲಿದ್ದೆ. ಅಲ್ಲಿಂದ ಗಡಿಯಾಚೆಯ ಮಿರಜ ಕೂಗಳತೆಯ ದೂರ. ನಮ್ಮ ಶಾಲೆಯ ಪಿ.ಟಿ. ಮಾಸ್ತರರು ತೆಲಸಂಗದವರು. ಗಡಿಯ ಊರುಗಳಲ್ಲಿ ಎಲ್ಲರಿಗೂ ಮರಾಠಿ ಬರುತ್ತದೆ, ಆದರೆ ಇವರ ಕಿವಿಗೆ ಅದು ಹತ್ತಿರಲಿಲ್ಲ. ಜೊತೆಗೆ ಅಂಗಡಿಯವರು ಅಂದರೆ ವಿಪರೀತ ಸಂಶಯ. ಹೊಗಳಿ ಮಾರುವವನು ಮೋಸಗಾರ ಎಂಬುದು ಅವರ ಸಿದ್ಧಾಂತ.

ಅವರ ಲ್ಯಾಪ್‌ಟಾಪಿಗಾಗಿ ಮಿರಜದಲ್ಲಿ ನಾಲ್ಕು ಅಂಗಡಿ ನೋಡಿದೆವು. ಎಲ್ಲ ಕಡೆಯೂ ಒಂದೇ ಮಾತು: ಫಸ್ಟ್ ಕ್ಲಾಸ್, ನಂಬರ್ ಒನ್, ಕಣ್ಣು ಮುಚ್ಚಿ ತಗೊಳ್ಳಿ. ಮಾಸ್ತರರು ಪ್ರತಿ ಅಂಗಡಿಯಿಂದಲೂ ಮೂಗು ಮುರಿದು ಹೊರಬಿದ್ದರು. ಐದನೆಯ ಅಂಗಡಿಯವನಿಗೆ ಕನ್ನಡ ಅರ್ಧಂಬರ್ಧ ಬರುತ್ತಿತ್ತು. ಬಿಸಿಯಾಗುತ್ತದೆಯೇ, ಒಳಗಿನ ಫ್ಯಾನು ಹೇಗಿದೆ ಎಂದು ಮಾಸ್ತರರು ಕೇಳಿದರು. ಅವನು ಸಂಭ್ರಮದಿಂದ, "ಪಂಖಾ ಏಕದಮ್ ಹಳೂ ಸರ್," ಅಂದ. ಮರಾಠಿಯಲ್ಲಿ ಹಳೂ ಅಂದರೆ ಮೆಲ್ಲಗೆ. ಸದ್ದೇ ಮಾಡದೆ ತಿರುಗುತ್ತದೆ ಎಂದು ಅವನು ಹೊಗಳುತ್ತಿದ್ದಾನೆ. ಮಾಸ್ತರರ ಕಿವಿಗೆ ಬಿದ್ದದ್ದು 'ಹಾಳು'.

ಅವರು ಹುಬ್ಬೇರಿಸಿ ಬ್ಯಾಟರಿಯ ಕತೆ ಏನು ಎಂದು ಕೇಳಿದರು. ಬ್ಯಾಟರಿ ಬೇಗ ಇಳಿಯುವುದಿಲ್ಲ, ನಿಧಾನವಾಗಿ ಇಳಿಯುತ್ತದೆ ಎಂದು ಹೇಳಬೇಕಿತ್ತು ಅವನಿಗೆ. "ಬ್ಯಾಟರಿ ತೋ ಹಳೂಹಳೂ ಸರ್," ಅಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಅವನ ಕೈ ಹಿಡಿದುಕೊಂಡು ಕುಲುಕುತ್ತಿದ್ದರು. ಅದನ್ನೇ ಕಟ್ಟಿಸಿಕೊಂಡು ಬೈಕಿಗೆ ಬಿಗಿದರು. ಹಿಂದೆ ಕುಳಿತ ನನಗೆ ಉದ್ದಕ್ಕೂ ಅದೇ ವರ್ಣನೆ. ಲೋಕದಲ್ಲಿ ಇನ್ನೂ ಸತ್ಯ ಉಳಿದಿದೆ. ಫ್ಯಾನು ಹಾಳು, ಬ್ಯಾಟರಿಯಂತೂ ಎರಡು ಪಟ್ಟು ಹಾಳು ಎಂದು ತಾನೇ ಬಾಯಿಬಿಟ್ಟು ಹೇಳುವ ವ್ಯಾಪಾರಿ ಎಲ್ಲಿ ಸಿಕ್ಕಾನು. ಇಂಥವನು ರಿಪೇರಿಗೆ ಹೋದರೂ ನ್ಯಾಯವಾಗಿ ಮಾಡಿಕೊಡುತ್ತಾನೆ. ಕೇಳಿ ಕೇಳಿ ತಡೆಯಲಾರದೆ ನಾನು ಮರಾಠಿಯ ಹಳೂ ಎಂದರೆ ಏನೆಂದು ಬಿಡಿಸಿ ಹೇಳಿದೆ. ಹಾಳಲ್ಲ ಸರ್, ಅವನು ಬಾಯಿ ತುಂಬ ಹೊಗಳಿದ್ದು, ಚೆನ್ನಾಗಿರುವ ಲ್ಯಾಪ್‌ಟಾಪೇ ಸಿಕ್ಕಿದೆ, ಖುಷಿಪಡಿ ಅಂದೆ.

ಮಾಸ್ತರರು ಗಕ್ಕನೆ ಬೈಕ್ ನಿಲ್ಲಿಸಿದರು. "ಅಂದ್ರ ಇಂವಾನೂ ಎಲ್ಲಾರ ಹಂಗ ಹೊಗಳಾಂವನ?" ಎಂದರು. "ಇಳೀರಿ ಅಕ್ಕೋರ. ಗಾಡಿ ತಿರುಗಸ್ತೀನಿ."

ದರ ಇಳಿಯಲಿ

ಮರಳಿ ಚಿಕ್ಕೋಡಿಗೆ ಬಂದೆ. ನಮ್ಮ ಗಣಿತದ ಅಕ್ಕೋರಿಗೆ ಮಗಳಿಗಾಗಿ ಲ್ಯಾಪ್‌ಟಾಪ್ ಕೊಳ್ಳುವುದಿತ್ತು. ಮಗಳು ಆಗ ಪಿಯುಸಿ. ನಾನೊಂದು ಹೆಸರು ಹೇಳಿದೆ. ಅವರು ಹಾಳೆಯ ಮೇಲೆ ಗೆರೆ ಎಳೆದು ಕೋಷ್ಟಕ ಮಾಡಿ, ಹೋದ ವರ್ಷಕ್ಕಿಂತ ಈ ವರ್ಷ ಕಂಪ್ಯೂಟರ್ ದರ ಇಳಿದಿದೆ, ಆದ್ದರಿಂದ ಮುಂದಿನ ವರ್ಷ ಇನ್ನೂ ಇಳಿಯಬೇಕು ಎಂದು ಸಿದ್ಧಮಾಡಿ ತೋರಿಸಿದರು. ಗಣಿತದಲ್ಲಿ ತಪ್ಪಿರಲಿಲ್ಲ. ಹಾಗಾಗಿ ಕಾದರು.

ದೀಪಾವಳಿಗೆ ಆಫರ್ ಬಂತು. ಸಂಕ್ರಾಂತಿಗೆ ಇನ್ನೂ ಒಳ್ಳೆಯದು ಬರುತ್ತದೆ ಎಂದರು. ಸಂಕ್ರಾಂತಿಗೆ ಹೊಸ ಮಾದರಿ ಬಂತು. ಅದು ಹಳೆಯದಾದ ಮೇಲೆ ಅಗ್ಗವಾಗುತ್ತದೆ ಎಂದರು. ಅದು ಹಳೆಯದಾಗುವ ಹೊತ್ತಿಗೆ ಅಂಗಡಿಯಲ್ಲಿ ಸಿಗದೇ ಹೋಯಿತು. ಮಗಳು ಡಿಗ್ರಿ ಸೇರಿದಳು. ಪ್ರತಿ ವರ್ಷ ನನ್ನಿಂದ ಹೊಸ ಹೆಸರು ಬರೆಸಿಕೊಂಡು ಹೋಗುತ್ತಿದ್ದರು, ಪ್ರತಿ ವರ್ಷ ಕೋಷ್ಟಕಕ್ಕೆ ಒಂದು ಕಾಲಂ ಹೆಚ್ಚುತ್ತಿತ್ತು. ಮಗಳು ಕಾಲೇಜಿನ ಲ್ಯಾಬಿನಲ್ಲೇ ಕುಳಿತು ಓದಿ ಡಿಗ್ರಿ ಮುಗಿಸಿ, ಅಥಣಿಯಲ್ಲೊಂದು ಬ್ಯಾಂಕಿನ ಕೆಲಸಕ್ಕೆ ಸೇರಿಯೂ ಬಿಟ್ಟಳು.

ಒಂದು ದಿನ ಗಣಿತದ ಅಕ್ಕೋರು ಪೇಡೆಯ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಬಂದರು. ಮಗಳು ಮೊದಲ ಪಗಾರದಲ್ಲಿ ತಾಯಿಗೆ ಉಡುಗೊರೆ ತಂದಿದ್ದಳು. ಲ್ಯಾಪ್‌ಟಾಪು. ನಾವೆಲ್ಲ ಕಣ್ಣು ತುಂಬಿಕೊಂಡು ನೋಡುತ್ತಿದ್ದರೆ ಅವರು ನನ್ನ ಬಾಯಿಗೊಂದು ಪೇಡೆ ಇಟ್ಟು ಹೇಳಿದರು: "ನೋಡಿದ್ರೇನ್ರಿ? ದರ ಇಳೀತೈತಿ ಅಂತ ನಾ ಹೇಳಿದ್ದಿಲ್ಲ? ಕಾದಿದ್ದಕ್ಕ ಪುಕ್ಕಟ ಸಿಕ್ತು."

ಹಣೆಯ ನಡುವೆ

ಇದು ಸಣ್ಣದು. ನಮ್ಮ ಓಣಿಯ ನಿವೃತ್ತ ಪೋಸ್ಟ್ ಮಾಸ್ತರರ ಹೆಂಡತಿಗೆ ಪುಣೆಯಲ್ಲಿರುವ ಮೊಮ್ಮಗಳ ಮುಖ ದಿನಾ ನೋಡಬೇಕೆಂಬ ಆಸೆ. ಲ್ಯಾಪ್‌ಟಾಪ್ ನಾನೇ ಆರಿಸಿಕೊಟ್ಟೆ. ಎರಡು ತಿಂಗಳು ಎಲ್ಲ ಸುಸೂತ್ರ. ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿದ ಮರುದಿನ ಮಗಳು ಪುಣೆಯಿಂದ ನೋಡುತ್ತಾಳೆ, ತಾಯಿಯ ಮುಖ ಕೆಂಪಗೆ ಕೆಂಡದ ಹಾಗಿದೆ. ಅಪ್ಪನ ಮುಖವೂ ಕೆಂಪು. ಗಾಬರಿಯಾಗಿ ಇಬ್ಬರನ್ನೂ ಡಾಕ್ಟರ ಹತ್ತಿರ ಅಟ್ಟಿದಳು. ಬಿ.ಪಿ. ನೋಡಿದರು, ರಕ್ತ ನೋಡಿದರು, ಏನೂ ಇಲ್ಲ. ಆಮೇಲೆ ಅವರಿಬ್ಬರೂ, ನೀವು ಆರಿಸಿದ್ದು ಬಾಳಿಕೆ ಬರಲಿಲ್ಲ ಎಂದು ನನ್ನ ಬಾಗಿಲಿಗೆ ಬಂದರು.

ತೆರೆದು ನೋಡಿದೆ. ಪರದೆಯ ಮೇಲಂಚಿನಲ್ಲಿ ಕ್ಯಾಮೆರಾದ ಸಣ್ಣ ಗಾಜಿನ ಕಣ್ಣು ಇರುತ್ತದಲ್ಲ, ಅದರ ಮೇಲೆ ದುಂಡಗೆ, ಅಚ್ಚುಕಟ್ಟಾಗಿ ಕುಂಕುಮ ಹಚ್ಚಿತ್ತು. ಬೇರೆಲ್ಲೂ ಒಂದು ಚೂರೂ ಚೆಲ್ಲಿರಲಿಲ್ಲ. ಇಲ್ಲೇ ಯಾಕೆ ಹಚ್ಚಿದಿರಿ ಎಂದು ಕೇಳಿದೆ.

"ಹಣಿ ನಡುವ ದುಂಡಗ ಜಾಗಾ ಮಾಡಿ ಕೊಟ್ಟಾರ," ಎಂದರು ಆಕೆ. "ಕುಂಕಮ ಹಚ್ಚಾಕ ಅಲ್ಲಂದ್ರ ಮತ್ಯಾಕ ಕೊಟ್ಟಾರ್ರಿ?"

ನಿಮ್ಮ ಮನ್ಯಾಗ ಯಾವದೈತಿ?

ಊರವರಿಗೆಲ್ಲ ಆರಿಸಿಕೊಟ್ಟ ನನಗೆ ನನ್ನದೇ ಲ್ಯಾಪ್‌ಟಾಪ್ ಕೊಳ್ಳುವ ಹೊತ್ತು ಬಂದಾಗ ಒಂದು ಹೆಸರೂ ಹೊಳೆಯಲಿಲ್ಲ. ಮನೆಯ ಹಳೆಯ ಕಂಪ್ಯೂಟರ್ ಹೊಗೆ ಬಿಟ್ಟು ಕಣ್ಣು ಮುಚ್ಚಿತ್ತು. ಎರಡು ವರ್ಷ ಕೂಡಿಸಿಟ್ಟ ರೊಕ್ಕ. ಒಮ್ಮೆ ತಪ್ಪಿದರೆ ಮತ್ತೆ ಕೂಡಿಸಲಿಕ್ಕೆ ಎರಡು ವರ್ಷ. ಅದಕ್ಕಿಂತ ಹೆಚ್ಚಾಗಿ, ಅಕ್ಕೋರ ಲ್ಯಾಪ್‌ಟಾಪೇ ಕೆಟ್ಟಿತಂತೆ ಎಂದು ಸುದ್ದಿಯಾದರೆ ನಾನು ಸಂತೆಗೆ ಹೋಗುವುದು ಹೇಗೆ? ನೋಟ್‌ಬುಕ್ಕಿನಲ್ಲಿ ಆರು ಪುಟ ಹೋಲಿಕೆ ಬರೆದುಕೊಂಡೆ.

ರಾಯಬಾಗದಿಂದ ನಮ್ಮ ಅತ್ತೆ ಬಂದಿದ್ದರು. ಬೆಳಗಾವಿಯಲ್ಲಿ ಅವರ ಕಣ್ಣು ತೋರಿಸುವುದಿತ್ತು. ಎರಡೂ ಕೆಲಸ ಒಟ್ಟಿಗೆ ಆಗಲಿ ಎಂದು ಕರೆದುಕೊಂಡು ಹೋದೆ. ಎಪ್ಪತ್ತು ದಾಟಿದ ಅತ್ತೆಗೆ ಸಹಿ ಮಾಡಲು ಬರುತ್ತದೆ, ಅಷ್ಟೇ. ಆದರೆ ಸೀರೆ, ಬಳೆ, ಬೀಸುವ ಕಲ್ಲು, ಏನೇ ಕೊಳ್ಳಲಿ, ಮಾರುವವನಿಗೆ ಅವರು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾವುದಿದೆ?

ಮೊದಲ ಅಂಗಡಿಯಲ್ಲಿ ನಾನು ನೋಟ್‌ಬುಕ್ ನೋಡಿಕೊಂಡು ರ್‍ಯಾಮು, ಪ್ರೊಸೆಸರು, ವಾರಂಟಿ ಎಂದು ಅರ್ಧ ಗಂಟೆ ಕೇಳಿದೆ. ಸೇಲ್ಸ್‌ಮನ್ ಅರಳು ಹುರಿದ ಹಾಗೆ ಉತ್ತರ ಕೊಟ್ಟ. ಆಮೇಲೆ ಅತ್ತೆ ತಮ್ಮ ಪ್ರಶ್ನೆ ಕೇಳಿದರು. ಅವನು ತಡವರಿಸಿ, ಮನೆಯಲ್ಲಿರುವುದು ಬೇರೆ ಕಂಪನಿಯದು ಅಂದ. ಅತ್ತೆ ಎದ್ದರು. ಎರಡನೆಯ ಅಂಗಡಿಯವನು ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ ಅಂದ. ಅಲ್ಲಿಂದಲೂ ಎದ್ದರು. ನನಗೆ ಒಳಗೊಳಗೇ ಸಿಟ್ಟು. ಹೀಗೆ ಕೇಳುತ್ತ ಹೋದರೆ ಕಣ್ಣಿನ ಡಾಕ್ಟರೂ ಸಿಗುವುದಿಲ್ಲ, ಲ್ಯಾಪ್‌ಟಾಪೂ ಸಿಗುವುದಿಲ್ಲ ಎಂದೆ.

ಮೂರನೆಯ ಅಂಗಡಿಯ ಮಾಲಕರೇ ಎದುರು ಬಂದರು. ಐವತ್ತರ ಆಸುಪಾಸು, ಬೆಣ್ಣೆಯಂಥ ಮಾತು. ಬೆಳ್ಳಿಯ ಬಣ್ಣದ ಥಳಥಳ ಹೊಳೆಯುವ ಒಂದನ್ನು ತೋರಿಸಿದರು. ನನ್ನ ಆರು ಪುಟಕ್ಕೂ ಅದು ಸರಿಹೊಂದಿತು. ಅತ್ತೆ ತಮ್ಮ ಪ್ರಶ್ನೆ ಕೇಳಿದ್ದೇ ತಡ, ಅವರು ಎದೆ ಮುಟ್ಟಿಕೊಂಡು, ನಮ್ಮ ಮನೆಯಲ್ಲಿ ಇದೇ ಕಂಪನಿಯದು ಇದೆ, ನನ್ನ ಹೆಂಡತಿ ನಾಲ್ಕು ವರ್ಷದಿಂದ ಬಳಸುತ್ತಿದ್ದಾಳೆ, ಒಂದು ದಿನವೂ ಹಟ ಮಾಡಿಲ್ಲ ಎಂದರು. ನಾನು ಗೆದ್ದವಳಂತೆ ಪೆನ್ನು ತೆಗೆದು ಗುರುತು ಹಾಕಿದೆ.

"ಹಂಗಾರ ಆಕಿಗೆ ಫೋನ್ ಹಚ್ಚಪಾ," ಎಂದರು ಅತ್ತೆ. "ನಾ ಒಂದ್ ಮಾತು ಕೇಳ್ತೀನಿ."

ಮಾಲಕರು ನಕ್ಕರು. ಅತ್ತೆ ನಗಲಿಲ್ಲ, ಕೈ ಚಾಚಿಯೇ ಇದ್ದರು. ಅಂಗಡಿಯಲ್ಲಿದ್ದ ಇನ್ನೆರಡು ಗಿರಾಕಿಗಳೂ ಇತ್ತ ತಿರುಗಿದರು. ಈಗ ಹಚ್ಚದಿದ್ದರೆ ಅವರೂ ಎದ್ದು ಹೋಗುವ ಹಾಗಿತ್ತು. ವಿಧಿಯಿಲ್ಲದೆ ಹಚ್ಚಿ ಕೊಟ್ಟರು. ಅತ್ತೆಗೆ ಕಿವಿ ಮಂದ, ಹಾಗಾಗಿ ಆ ಕಡೆಯ ದನಿ ಇಡೀ ಅಂಗಡಿಗೆ ಕೇಳುವಷ್ಟು ಜೋರಾಗಿ ಇಡಬೇಕಾಯಿತು.

ನಾಲ್ಕು ವರ್ಷದಿಂದ ಬಳಸುತ್ತಿರುವ ಲ್ಯಾಪ್‌ಟಾಪ್ ಹೇಗಿದೆ ಎಂದು ಅತ್ತೆ ಕೇಳಿದರು. ಆ ಕಡೆಯಿಂದ ಆ ಹೆಣ್ಣುಮಗಳು, ಯಾವ ಲ್ಯಾಪ್‌ಟಾಪು, ನಮ್ಮ ಮನೆಯಲ್ಲೆಲ್ಲಿದೆ ಎಂದು ಶುರುಮಾಡಿದಳು. ಐದು ವರ್ಷದಿಂದ ಕೇಳುತ್ತಿದ್ದೇವೆ, ನಾಳೆ ತರುತ್ತೇನೆ ನಾಡಿದ್ದು ತರುತ್ತೇನೆ ಅನ್ನುತ್ತಾರೆ; ಲ್ಯಾಪ್‌ಟಾಪ್ ಅಂಗಡಿಯವನ ಮಗಳು ಪ್ರಾಜೆಕ್ಟ್ ಬರೆಯಲು ಪಕ್ಕದ ಮನೆಗೆ ಹೋಗುತ್ತಾಳೆ, ಇದಕ್ಕಿಂತ ನಾಚಿಕೆ ಉಂಟೇ ಎಂದಳು. ಕೊನೆಗೆ, "ಆಯಿ, ನೀವು ಯಾರೋ ಏನೋ, ದೇವರ ಹಂಗ ಬಂದೀರಿ. ಒಂದು ಕಟ್ಟಿಸಿ ಕಳಸೂತನಾ ಅಲ್ಲಿಂದ ಏಳಬ್ಯಾಡ್ರಿ," ಅಂದಳು.

ಅತ್ತೆ ಫೋನ್ ಹಿಂದಕ್ಕೆ ಕೊಟ್ಟು, ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು ಭದ್ರವಾಗಿ ಕುಳಿತರು. ಮಾಲಕರ ಕಿವಿ ಕೆಂಪಗಾಗಿತ್ತು. ಗಿರಾಕಿಗಳು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಅತ್ತೆ ಆ ಬೆಳ್ಳಿ ಬಣ್ಣದ್ದನ್ನು ತೋರಿಸಿ, ಇಂಥವೇ ಎರಡು ಕಟ್ಟು, ಒಂದು ನಮಗೆ, ಒಂದು ನಿಮ್ಮ ಮನೆಗೆ ಎಂದರು.

ಮಾಲಕರು ಅದನ್ನು ಕೈಗೆತ್ತಿಕೊಂಡರು. ಒಮ್ಮೆ ಅದನ್ನು ನೋಡಿದರು, ಒಮ್ಮೆ ಫೋನನ್ನು ನೋಡಿದರು. ಆಮೇಲೆ ಮೆಲ್ಲಗೆ ಅದನ್ನು ಕಪಾಟಿಗೆ ಮರಳಿ ಇಟ್ಟು ಒಳಗಿನ ಕೋಣೆಗೆ ಹೋದರು. ಬರುವಾಗ ಕೈಯಲ್ಲಿ ಒಂದು ಸಾದಾ ಕರಿಯ ಲ್ಯಾಪ್‌ಟಾಪ್ ಇತ್ತು. ಹೊಳಪಿಲ್ಲ, ಥಳುಕಿಲ್ಲ, ದರವೂ ಕಡಿಮೆ. ಅದರ ಧೂಳು ಒರೆಸಿ, ತಮ್ಮ ಮನೆಯ ಹೆಸರಿಗೆ ತಾವೇ ಬಿಲ್ಲು ಬರೆಯತೊಡಗಿದರು.

ನನಗೆ ತಡೆಯಲಾಗಲಿಲ್ಲ. ಅಲ್ಲರೀ, ಆ ಬೆಳ್ಳಿಯದು ಯಾಕೆ ಬೇಡ ಎಂದು ಕೇಳಿದೆ.

ಅವರು ತಲೆ ಎತ್ತದೆ ಹೇಳಿದರು: "ಅದು ಮಾರಾಕ ಇಟ್ಟಿದ್ದ್ರಿ. ಇದು ಮನಿಗೆ."

ಅತ್ತೆ ನನ್ನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ತೆಗೆದುಕೊಂಡು ಮುಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು.

"ನಮಗೂ ಮನಿ ಐತಪಾ," ಎಂದರು. "ಒಳಗ ಹೋಗಿ ಇನ್ನೊಂದು ತಾ."